ಗುರಿ ಮುಟ್ಟಿದ ಮೇಲಿನ ಶೂನ್ಯ

ಪ್ರಶ್ನೆ: ಒಂದು ತಿಂಗಳು ಕಾಲ್ನಡಿಗೆಯಲ್ಲಿ ಸಾಗಿ ಕ್ಷೇತ್ರವನ್ನು ತಲುಪಿದಾಗ ಆನಂದಬಾಷ್ಪ ಬರುವುದೆಂದುಕೊಂಡಿದ್ದೆ, ಆದರೆ ಮನಸ್ಸು ಬರಿದಾಗಿತ್ತು. ಇದು ಭಕ್ತಿಯ ಕೊರತೆಯೇ?

ಉತ್ತರ: ಖಂಡಿತ ಅಲ್ಲ. ಬೆಳಿಗ್ಗೆ ಎದ್ದೊಡನೆ ಏನು ಮಾಡಬೇಕೆಂಬುದನ್ನು ದಾರಿಯೇ ತೀರ್ಮಾನಿಸುತ್ತಿದ್ದ ದಿನಚರಿ ಒಂದೇ ಗಳಿಗೆಯಲ್ಲಿ ನಿಂತುಹೋದಾಗ, ಸಂತೋಷಕ್ಕಿಂತ ಮೊದಲು ದಣಿವೂ ಶೂನ್ಯಭಾವವೂ ಆವರಿಸುವುದು ಸಹಜ. ಫ್ರಾನ್ಸಿನ ಗಡಿಯಿಂದ ಸ್ಪೇನ್ ದೇಶದ ಸಾಂಟಿಯಾಗೊ ದೆ ಕಾಂಪೊಸ್ಟೆಲಾಕ್ಕೆ ಸುಮಾರು 780 ಕಿಲೋಮೀಟರ್ ನಡೆದು ಬರುವ ಯಾತ್ರಿಕರಲ್ಲಿ ಕೆಲವರು, ಅಲ್ಲಿನ ಕೆಥೆಡ್ರಲ್ ಸೇರಿದ ಮೇಲೂ ನಿಲ್ಲದೆ, ಮತ್ತೆ ಸುಮಾರು 90 ಕಿಲೋಮೀಟರ್ ಪಶ್ಚಿಮಕ್ಕೆ, ಅಟ್ಲಾಂಟಿಕ್ ಕಡಲಂಚಿನ ಫಿನಿಸ್ಟೆರೆಯವರೆಗೆ ನಡೆಯುತ್ತಾರೆ. ಅವರ ಮನಸ್ಸು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಮಧ್ಯಯುಗದ ಯಾತ್ರಿಕರಿಗಾದರೋ ಸನ್ನಿಧಿಯು ಅರ್ಧದಾರಿ ಮಾತ್ರವಾಗಿತ್ತು. ಮರಳಿ ಮನೆಗೂ ಹೆಚ್ಚಿನವರು ನಡೆದೇ ಹೋಗಬೇಕಿದ್ದುದರಿಂದ, ಕಂಡದ್ದನ್ನು ಒಳಗಿಳಿಸಿಕೊಳ್ಳಲು ಅವರಿಗೆ ವಾರಗಟ್ಟಲೆ ಸಮಯ ದೊರೆಯುತ್ತಿತ್ತು. ಇಂದು ನಾವು ತಿಂಗಳ ದಾರಿಯನ್ನು ಒಂದೇ ರಾತ್ರಿಯಲ್ಲಿ ಹಿಂದಿರುಗುತ್ತೇವೆ, ಮನಸ್ಸು ಹಿಂದೆಯೇ ಉಳಿದಿರುತ್ತದೆ.

ಆದ್ದರಿಂದ ಮನೆಗೆ ಬಂದ ಮೇಲೂ ಕೆಲವು ದಿನ, ಪಾದಗಳ ಗುಳ್ಳೆಗಳು ವಾಸಿಯಾಗಿದ್ದರೆ, ಬೆಳಗಿನ ಹೊತ್ತು ಸ್ವಲ್ಪ ದೂರ ನಡೆಯಿರಿ. ಜೊತೆಗೆ ನಡೆದವರೊಡನೆ ಮಾತನಾಡಿ. ಬೇಸರವು ವಾರಗಳು ಕಳೆದರೂ ಇಳಿಯದೆ ನಿದ್ರೆಯನ್ನೂ ಕೆಡಿಸುತ್ತಿದ್ದರೆ ಮಾತ್ರ ತಡಮಾಡದೆ ವೈದ್ಯರನ್ನು ಕಾಣಿರಿ.