ಸೋಲುವ ಕಡೆ ನಿಂತ ಮಗಳಿಗೆ ಏನು ಹೇಳಲಿ?

ಪ್ರಶ್ನೆ (ಮಾರ್ಚ್ 2016): ಅಕ್ಕಾವ್ರೇ, ನಾನು ಗಂಗಾವತಿಯಲ್ಲಿ ಭತ್ತದ ವ್ಯಾಪಾರ ಮಾಡುವವನು. ಮಗಳು ಅಮೆರಿಕದ ಮಿಷಿಗನ್‌ನಲ್ಲಿದ್ದಾಳೆ, ಹೋದ ವರ್ಷ ಅಲ್ಲಿನ ಪೌರತ್ವ ಸಿಕ್ಕಿತು. ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ಯಾರು ನಿಲ್ಲಬೇಕು ಅಂತ ಈಗ ಅಲ್ಲಿ ಪ್ರೈಮರಿ ಚುನಾವಣೆ ನಡೆದಿದೆಯಲ್ಲ, ಅದರಲ್ಲಿ ಅವಳು ಬರ್ನಿ ಸ್ಯಾಂಡರ್ಸ್ ಪರ. ಕೆಲಸ ಮುಗಿಸಿ ಚಳಿಯಲ್ಲಿ ಮನೆಮನೆ ತಿರುಗಿದಳು. ಮಾರ್ಚ್ 8ಕ್ಕೆ ಮಗಳ ರಾಜ್ಯದಲ್ಲಿ ಸ್ಯಾಂಡರ್ಸ್ ಅವರೇ ಗೆದ್ದರು, ಆವತ್ತು ಫೋನಿನಲ್ಲೇ ಕುಣಿದಳು. ಒಂದೇ ವಾರ ಕಳೆದು, ಮಾರ್ಚ್ 15ಕ್ಕೆ ಮತದಾನವಾದ ಐದಕ್ಕೆ ಐದೂ ರಾಜ್ಯ ಎದುರಾಳಿ ಹಿಲರಿ ಕ್ಲಿಂಟನ್ ಪಾಲಾದವು. ಈಗ ಮಗಳು ಸರಿಯಾಗಿ ಮಾತೇ ಆಡುತ್ತಿಲ್ಲ. 'ಸೋಲೋ ಕುದುರೆ ಬೆನ್ನು ಹತ್ಯಾಳ್ರೀ ಮಾವಾ' ಅಂತಾನೆ ಅಳಿಯ. ಬಿಟ್ಟುಬಿಡು ಅಂತ ಹೇಳಲೇ? ಇಲ್ಲಿಂದ ಐವತ್ತು ಸಾವಿರ ಸ್ಯಾಂಡರ್ಸ್ ಅವರ ಚುನಾವಣೆ ಖರ್ಚಿಗೆ ಕಳಿಸಲೇ?
— ಒಬ್ಬ ತಂದೆ, ಗಂಗಾವತಿ

ಉತ್ತರ: ಅಣ್ಣಾ, ಮೊದಲು ದುಡ್ಡಿನ ಮಾತು. ಕಳಿಸಬೇಡಿ. ಅಲ್ಲಿನ ಪೌರತ್ವವಾಗಲಿ ಗ್ರೀನ್ ಕಾರ್ಡ್ ಆಗಲಿ ಇಲ್ಲದವರು ಅಮೆರಿಕದ ಚುನಾವಣೆಗೆ ಹಣ ಕೊಡುವುದು ಕಾನೂನಿಗೆ ವಿರುದ್ಧ. ಮಗಳ ಖಾತೆಗೆ ಹಾಕಿ ಅವಳ ಹೆಸರಲ್ಲಿ ಕೊಡಿಸೋಣ ಅಂದುಕೊಂಡಿದ್ದರೆ ಅದೂ ತಪ್ಪೇ, ತೊಂದರೆ ಅವಳ ತಲೆಗೆ ಬರುತ್ತದೆ. ಕೊಡುವುದಿದ್ದರೆ ಅವಳು ತನ್ನ ಸಂಬಳದಲ್ಲಿ ಕೊಡಲಿ. ಸ್ಯಾಂಡರ್ಸ್ ಅವರಿಗೆ ಜನ ಸರಾಸರಿ ಕೊಡುವುದು 27 ಡಾಲರ್ ಅಂತ ಅವರೇ ಸಭೆಸಭೆಯಲ್ಲಿ ಹೇಳುತ್ತಿದ್ದಾರೆ. ನಮ್ಮ ಲೆಕ್ಕಕ್ಕೆ ಸಾವಿರದ ಎಂಟುನೂರು ರೂಪಾಯಿ ಆದೀತು.

ಇನ್ನು ಬಿಟ್ಟುಬಿಡು ಅನ್ನುವ ಮಾತು. ನಾನು ಬಳ್ಳಾರಿಯವಳು. ಹಿಂದೊಮ್ಮೆ ನಮ್ಮ ಬೀದಿಯ ನರ್ಸಮ್ಮ ವಾರ್ಡ್ ಚುನಾವಣೆಗೆ ಪಕ್ಷೇತರಳಾಗಿ ನಿಂತಿದ್ದಳು, ಗುರುತು ಹೊಲಿಗೆ ಯಂತ್ರ. ಕೌಲ್ ಬಜಾರ್ ಕಡೆಯ ಓಣಿಗಳಲ್ಲಿ ಒಂಬತ್ತು ದಿನ ನಾನು ಅವಳ ಜೊತೆ ತಿರುಗಿದೆ. ಮಧ್ಯಾಹ್ನದ ಬಿಸಿಲಿಗೆ ಚಪ್ಪಲಿ ಅಂಟು ಬಿಟ್ಟು ಅಟ್ಟೆ ಕಿತ್ತು ಬಂತು, ದಾರ ಕಟ್ಟಿಕೊಂಡು ನಡೆದೆ. ಮತದಾರರ ಚೀಟಿಗಳನ್ನೆಲ್ಲ ನಾನೇ ಕೈಯಲ್ಲಿ ಬರೆದಿದ್ದು. ಎಲ್ಲ ಬಾಗಿಲಲ್ಲೂ ಒಂದೇ ಮಾತು: 'ಆಕಿ ಒಳ್ಳೇಕಿ ಖರೆ, ಆದ್ರ ಗೆಲ್ಲಂಗಿಲ್ಲಲ್ಲವ್ವಾ, ವೋಟು ಯಾಕ ಹಾಳ ಮಾಡ್ಕೊಳ್ಳೂಣು?' ಹನ್ನೊಂದು ಮತದಲ್ಲಿ ಸೋತಳು. ಎಣಿಕೆ ಕೇಂದ್ರದ ಹೊರಗೆ ಕಲ್ಲುಕಟ್ಟೆಯ ಮೇಲೆ ಕೂತು, ಹಾಗೆ ಹೇಳಿದ ಮನೆಗಳನ್ನು ಬೆರಳು ಮಡಿಸಿ ಎಣಿಸಿದೆ. ಹನ್ನೊಂದು ದಾಟಿ ಹದಿನೇಳಕ್ಕೆ ನಿಂತಿತು. ಆ ಸಂಕಟ ಇವತ್ತಿಗೂ ಆರಿಲ್ಲ ಅಣ್ಣಾ. ನಿಮ್ಮ ಮಗಳು ಯಾಕೆ ಮಾತಾಡುತ್ತಿಲ್ಲ ಅಂತ ನನಗೆ ಗೊತ್ತು.

ಆದರೆ ನಮ್ಮ ಲೆಕ್ಕ ಬೇರೆ, ಅವಳ ಲೆಕ್ಕ ಬೇರೆ. ನಮ್ಮಲ್ಲಿ ಒಂದು ಮತ ಮುಂದಿದ್ದವರಿಗೆ ಪೂರ್ತಿ ಕುರ್ಚಿ, ಉಳಿದವರಿಗೆ ಸೊನ್ನೆ. 1999ರಲ್ಲಿ ನಮ್ಮ ಬಳ್ಳಾರಿಗೆ ಸುಷ್ಮಾ ಸ್ವರಾಜ್ ಬಂದದ್ದು ನಿಮಗೂ ನೆನಪಿರಬೇಕು. 1952ರಿಂದ ಕಾಂಗ್ರೆಸ್ ಸೋಲದ ಲೋಕಸಭಾ ಕ್ಷೇತ್ರ, ಎದುರಿಗೆ ಸೋನಿಯಾ ಗಾಂಧಿ. ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಭಾಷಣ ಮಾಡಿದರು, 3.58 ಲಕ್ಷ ಮತ ಪಡೆದರು, 56 ಸಾವಿರದಲ್ಲಿ ಸೋತರು. ಪಕ್ಷದ ಮಾತು ಪಕ್ಕಕ್ಕಿರಲಿ, ಆ ಮೂರೂವರೆ ಲಕ್ಷ ಜನರಿಗೆ ಕುರ್ಚಿಯಲ್ಲಿ ಕಾಲು ಭಾಗವೂ ಸಿಗಲಿಲ್ಲ.

ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಹಾಗಿಲ್ಲ. ಒಂದೊಂದು ರಾಜ್ಯಕ್ಕೂ ಇಷ್ಟು ಪ್ರತಿನಿಧಿಗಳು ಅಂತ ಇರುತ್ತಾರೆ, ಪಕ್ಷದ ಮಹಾಧಿವೇಶನದಲ್ಲಿ ಅಭ್ಯರ್ಥಿಯನ್ನು ಆರಿಸಲು ಮತ ಹಾಕುವವರು ಅವರು. ಶೇ 15 ಮತ ದಾಟಿದವರೆಲ್ಲರಿಗೂ ಅವರವರ ಮತಕ್ಕೆ ತಕ್ಕಂತೆ ಪಾಲು ಹೋಗುತ್ತದೆ. ಫೆಬ್ರುವರಿ 1ಕ್ಕೆ ಅಯೋವಾದಲ್ಲಿ ಸ್ಯಾಂಡರ್ಸ್ ಕೂದಲೆಳೆಯಲ್ಲಿ ಸೋತರು, ಆದರೂ ಕ್ಲಿಂಟನ್ ಅವರಿಗೆ 23 ಪ್ರತಿನಿಧಿಗಳಾದರೆ ಇವರಿಗೆ 21. ನಿಮ್ಮ ಮಗಳ ಮಿಷಿಗನ್‌ನಲ್ಲಿ ಸಮೀಕ್ಷೆಗಳು ಸರಾಸರಿಯಲ್ಲಿ ಕ್ಲಿಂಟನ್ ಸುಮಾರು ಇಪ್ಪತ್ತು ಶೇಕಡಾ ಅಂಶ ಮುಂದೆ ಅಂತ ತೋರಿಸಿದ್ದವು. ಗೆದ್ದದ್ದು ಸ್ಯಾಂಡರ್ಸ್, ಒಂದೂವರೆ ಅಂಶದ ಅಂತರದಲ್ಲಿ. ಅಷ್ಟು ಸಣ್ಣ ಅಂತರದ ಹಿಂದೆ ಇರುವುದು ಬಾಗಿಲು ಬಡಿದವರ ಕಾಲುಗಳೇ ಅಂತ ನಾನು ನಂಬುತ್ತೇನೆ. ಅಳಿಯಂದಿರಿಗೆ ಹೇಳಿ, ಅವಳ ಕೆಲಸ ನೀರಿನಲ್ಲಿ ಹೋಮ ಆಗಿಲ್ಲ. ಅವಳು ಒಪ್ಪಿಸಿದ ಮತಗಳು ಪ್ರತಿನಿಧಿಗಳ ರೂಪದಲ್ಲಿ ಜುಲೈ 25ಕ್ಕೆ ಫಿಲಡೆಲ್ಫಿಯಾದ ಮಹಾಧಿವೇಶನಕ್ಕೆ ಹೋಗುತ್ತವೆ. ಪಕ್ಷದ ಪ್ರಣಾಳಿಕೆಯಲ್ಲಿ ಏನಿರಬೇಕು ಅನ್ನುವ ಜಗ್ಗಾಟದಲ್ಲಿ ಆ ತಲೆಗಳಿಗೆ ತೂಕವಿದೆ.

ಸುಳ್ಳು ಧೈರ್ಯ ಮಾತ್ರ ನಾನು ಹೇಳುವುದಿಲ್ಲ. ಇದೇ ನಿಯಮ ಅವಳ ಅಭ್ಯರ್ಥಿಯ ಕಾಲಿಗೂ ತೊಡಕಾಗುತ್ತದೆ. ಮಾರ್ಚ್ 15ರ ಹೊತ್ತಿಗೆ ಮತದಿಂದ ಬಂದ ಪ್ರತಿನಿಧಿಗಳಲ್ಲಿ ಕ್ಲಿಂಟನ್ ಮುನ್ನೂರಕ್ಕೂ ಹೆಚ್ಚು ಮುಂದಿದ್ದರು. ಪಾಲು ಹಂಚಿಕೆಯಾದ್ದರಿಂದ ಇನ್ನು ಮುಂದೆ ಸಣ್ಣ ಅಂತರದ ಗೆಲುವಿನಿಂದ ಅದು ತುಂಬುವುದಿಲ್ಲ. ಮಿಷಿಗನ್ನಿನ ಅಷ್ಟು ದೊಡ್ಡ ಸಂಭ್ರಮದಲ್ಲಿ ಸ್ಯಾಂಡರ್ಸ್ ಅವರಿಗೆ ಸಿಕ್ಕಿದ್ದು 67, ಕ್ಲಿಂಟನ್ ಅವರಿಗೆ 63, ಅಂದರೆ ಲಾಭ ನಾಲ್ಕೇ ನಾಲ್ಕು. ದೊಡ್ಡ ರಾಜ್ಯಗಳಲ್ಲಿ ದೊಡ್ಡ ಅಂತರದಲ್ಲೇ ಗೆಲ್ಲಬೇಕು. ಇದನ್ನು ಅವಳಿಂದ ಮುಚ್ಚಿಡುವುದು ಬೇಡ, ಅವಳಿಗೇ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಟೀವಿಯವರು ಏಳುನೂರಕ್ಕೂ ಹೆಚ್ಚಿರುವ ಸೂಪರ್ ಡೆಲಿಗೇಟ್‌ಗಳನ್ನೂ ಸೇರಿಸಿ ಅಂತರ ತೋರಿಸುತ್ತಾರೆ, ಅದೊಂದಕ್ಕೆ ಎದೆಗುಂದಬಾರದು. ಈ ಸೂಪರ್ ಡೆಲಿಗೇಟ್‌ಗಳು ಜನರ ಮತದಿಂದ ಬಂದ ಪ್ರತಿನಿಧಿಗಳಲ್ಲ, ಪಕ್ಷದ ಮುಖಂಡರು, ಅಧಿವೇಶನದ ದಿನದವರೆಗೂ ಮನಸ್ಸು ಬದಲಿಸಬಹುದು. 2008ರಲ್ಲಿ ಕ್ಲಿಂಟನ್ ಕಡೆಯಿದ್ದ ಕೆಲವರು ಒಬಾಮಾ ಕಡೆ ಬಂದದ್ದೂ ಉಂಟು.

ಏಪ್ರಿಲ್ 5ಕ್ಕೆ ಪಕ್ಕದ ವಿಸ್ಕಾನ್ಸಿನ್, 19ಕ್ಕೆ ನ್ಯೂಯಾರ್ಕ್, ಜೂನ್ 7ಕ್ಕೆ ಕ್ಯಾಲಿಫೋರ್ನಿಯ. ಕ್ಯಾಲಿಫೋರ್ನಿಯದವರ ಸರದಿ ಬರುವ ಮೊದಲೇ ಆಟ ಮುಗಿಯಿತು ಅಂದರೆ ಅವರ ಮತಕ್ಕೆ ಏನು ಬೆಲೆ? ಅಲ್ಲಿಯವರೆಗೆ ಅವಳು ನಿಲ್ಲಲಿ. ತನ್ನ ರಾಜ್ಯದ ಮತದಾನ ಮುಗಿದರೂ ಮನೆಯಿಂದಲೇ ಬೇರೆ ರಾಜ್ಯದವರಿಗೆ ಫೋನ್ ಮಾಡುವ ಕೆಲಸ ಇದ್ದೇ ಇದೆ.

ನೀವು ಮಾಡಬೇಕಾದ್ದು ಇಷ್ಟು. ಭಾನುವಾರ ಫೋನ್ ಮಾಡಿದಾಗ 'ಗೆಲ್ತಾರೇನವ್ವಾ' ಅಂತ ಕೇಳಬೇಡಿ. ನರ್ಸಮ್ಮ ಸೋತ ರಾತ್ರಿ ನಮ್ಮಪ್ಪ ಗೆಲುವು ಸೋಲು ಏನೂ ಎತ್ತಲಿಲ್ಲ. ಉಗ್ಗಾಣಿ ಮಿರ್ಚಿ ಕಟ್ಟಿಸಿಕೊಂಡು ಬಂದು ಮುಂದಿಟ್ಟು, 'ಯಾರ್‍ಯಾರ ಮನೀಗೆ ಹೋಗಿದ್ದಿ, ಹೇಳು' ಅಂದರು. ಹನ್ನೆರಡು ಗಂಟೆವರೆಗೂ ಹೇಳಿದೆ. ನಿಮ್ಮ ಪತ್ರದಲ್ಲಿ ಎಲ್ಲ ಇದೆ, ಮಗಳು ಎಷ್ಟು ಬಾಗಿಲು ಬಡಿದಳು, ಯಾರು ತೆರೆದರು, ಏನಂದರು ಅನ್ನುವುದು ಮಾತ್ರ ಇಲ್ಲ. ಕೇಳಿ ಅಣ್ಣಾ. ಕೇಳಿ ನನಗೂ ಬರೆಯಿರಿ.