ಡ್ರ್ಯಾಗ್‌ನಲ್ಲಿ (ನಿಂತಲ್ಲಿಂದ ನೇರ ಓಡಿಸುವ ರೇಸ್) ಕ್ಲಚ್ ಬಿಟ್ಟ ಕೂಡಲೇ ಅಂಬಾಸಿಡರ್ ಬಲಕ್ಕೆ ಎಳೆಯುತ್ತದೆ, ಫೋರ್ ಲಿಂಕ್ ಹಾಕಿಸಲಾ, ಲ್ಯಾಡರ್ ಬಾರ್ ಹಾಕಿಸಲಾ?

ಎರಡೂ ಬೇಡ ಮಾರಾಯ್ರೆ. ಅವೆರಡೂ ಹಿಂದಿನ ಆಕ್ಸಲನ್ನು ಸರಳುಗಳಿಂದ ಹಿಡಿದಿಡುವ ವ್ಯವಸ್ಥೆ. ಈಗಿರುವ ಲೀಫ್ (ಪಟ್ಟಿ ಸ್ಪ್ರಿಂಗ್) ಹಾಗೇ ಇರಲಿ.

ನೀವು ಬರೆದ ಹಾಗೆ ಇಸುಜು ಇಂಜಿನ್, ಎರಡು ಹಿಂದಿನ ಚಕ್ರಗಳೂ ಒಟ್ಟಿಗೇ ತಿರುಗುವ ಹಾಗೆ ವೆಲ್ಡ್ ಮಾಡಿದ ಡಿಫ್, ಬಿಟ್ಟ ಕೂಡಲೇ ಮೂತಿ ಬಲಕ್ಕೆ. ನನ್ನ ಗಾಡಿಯದ್ದೂ ಇದೇ ಕತೆ ಆಗಿತ್ತು. ಆಗ ನಾನು ಅಮೆರಿಕದ ಡ್ರ್ಯಾಗ್‌ನವರು ಬರೆದದ್ದನ್ನೆಲ್ಲ ಕೂತು ಓದಿದೆ. ಅವರು ಹೇಳುವ ಕಾರಣ ಸರಿಯೇ ಉಂಟು. ಪ್ರೊಪೆಲ್ಲರ್ ಶಾಫ್ಟ್ (ಗೇರ್ ಬಾಕ್ಸಿನಿಂದ ಹಿಂದಕ್ಕೆ ಹೋಗುವ ದಂಡ) ತಿರುಗುವ ರಭಸಕ್ಕೆ ಹಿಂದಿನ ಆಕ್ಸಲ್ ಹೌಸಿಂಗ್ (ಆಕ್ಸಲಿನ ಹೊರಕವಚ) ಕೂಡ ತಿರುಗಲು ನೋಡುತ್ತದೆ. ಎಡ ಟೈರನ್ನು ನೆಲಕ್ಕೆ ಒತ್ತುತ್ತದೆ, ಬಲ ಟೈರನ್ನು ಎತ್ತುತ್ತದೆ. ಇಂಜಿನ್ ಟಾರ್ಕ್ (ತಿರುಚುವ ಬಲ) 20 ಕೆಜಿ ಮೀಟರ್, ಮೊದಲ ಗೇರ್ 3.5 ಅಂತ ಇಟ್ಟುಕೊಳ್ಳಿ. ಶಾಫ್ಟ್‌ನಲ್ಲಿ 70 ಆಯ್ತು. ಎರಡು ಟೈರುಗಳ ನಡುವೆ 1.4 ಮೀಟರ್ ಇದ್ದರೆ ಬಲ ಟೈರಿನಿಂದ 50 ಕೆಜಿ ಎದ್ದು ಎಡಕ್ಕೆ ಹೋಗುತ್ತದೆ. ಬಾಡಿ ಬಲಕ್ಕೆ ವಾಲುವಾಗ ಅದರಲ್ಲಿ ಸ್ವಲ್ಪ ವಾಪಸ್ ಬರುತ್ತದೆ, ಪೂರ್ತಿ ಅಲ್ಲ. ಡಿಫ್ ವೆಲ್ಡ್ ಆಗಿರುವುದರಿಂದ ಎಡ ಟೈರ್ ಜಾಸ್ತಿ ದೂಡುತ್ತದೆ, ಗಾಡಿ ಬಲಕ್ಕೆ ಹೋಗುತ್ತದೆ. ಕ್ರೈಸ್ಲರ್‌ನವರು ಡ್ರ್ಯಾಗ್‌ಗೆಂದೇ ಮಾಡಿದ ಸೂಪರ್ ಸ್ಟಾಕ್ ಲೀಫ್‌ನಲ್ಲಿ ಬಲಗಡೆಯ ಸೆಟ್ ಎಡದ್ದಕ್ಕಿಂತ ಗಟ್ಟಿ ಇರುವುದು ಇದಕ್ಕೇ.

ಅವರ ಮದ್ದು ಏನೆಂದರೆ ಬ್ಯಾಟರಿಯನ್ನು ಡಿಕ್ಕಿಯ ಬಲಮೂಲೆಗೆ ಹಾಕಿ, ಬಲಗಡೆ ಪ್ರೀಲೋಡ್ (ಮೊದಲೇ ಒತ್ತಡ) ಕೊಡಿ. ನಾನು ಎರಡನ್ನೂ ಮಾಡಿದೆ. ಬೈಕಂಪಾಡಿಯಲ್ಲಿ ಲಾರಿ ಲೀಫ್ ಕೆಲಸ ಮಾಡುವ ಒಬ್ಬ ಹಿರಿಯರ ಹತ್ತಿರ ಬಾಕ್ಸ್ ಪೈಪಿನಿಂದ ಟ್ರ್ಯಾಕ್ಷನ್ ಬಾರ್ ಮಾಡಿಸಿದೆ. ಬಾರಿನ ಹಿಂದಿನ ತುದಿ ಯು ಬೋಲ್ಟ್‌ನಲ್ಲಿ ಆಕ್ಸಲ್ ಅಡಿಗೆ ಬಿಗಿಯಾಗಿ ಕೂರುತ್ತದೆ, ಮುಂದಿನ ತುದಿಯಲ್ಲಿ ಒಂದು ರಬ್ಬರ್, ಅದು ಲೀಫಿನ ಮುಂದಿನ ಕಣ್ಣಿನ (ಬೋಲ್ಟ್ ಹೋಗುವ ಸುರುಳಿಯ) ಕೆಳಗೆ ಬರಬೇಕು. ಆಕ್ಸಲ್ ತಿರುಚಲು ಹೊರಟರೆ ರಬ್ಬರ್ ಹೋಗಿ ಕಣ್ಣಿಗೆ ತಾಗುತ್ತದೆ. ಆಗ ಲೀಫ್ ಎಸ್ ಆಕಾರಕ್ಕೆ ಬಾಗುವುದಿಲ್ಲ, ಟೈರ್ ಕುಪ್ಪಳಿಸುವುದಿಲ್ಲ. ಬಲದ ರಬ್ಬರ್ ಎಡದ್ದಕ್ಕಿಂತ ಮೊದಲು ತಾಗುವ ಹಾಗೆ ಇಟ್ಟರೆ ಅದೇ ಪ್ರೀಲೋಡ್.

ನಾನು ಕೆಟ್ಟದ್ದು ಇಲ್ಲೇ. ಗಾಡಿಯನ್ನು ಖಾಲಿ ನಿಲ್ಲಿಸಿ ರಬ್ಬರಿಗೂ ಕಣ್ಣಿಗೂ ನಡುವಿನ ಗ್ಯಾಪ್ ಇಟ್ಟೆ. ಬಲಗಡೆ ರಬ್ಬರ್ ಆಗಲೇ ಕಣ್ಣಿಗೆ ತಾಗಿತ್ತು, ಎಡಕ್ಕೆ ಒಂದು ಬೆರಳು ಜಾಗ. ನೋಡಲಿಕ್ಕೆ ಚಂದ ಇತ್ತು. ಆದರೆ ನಮ್ಮ ಸ್ಟೇರಿಂಗ್ ಬಲಗಡೆ ಅಲ್ವಾ? ನಾನು ಕೂತ ಕೂಡಲೇ ಬಲದ ಲೀಫ್ ಚಪ್ಪಟೆಯಾಗುತ್ತದೆ. ಲೀಫ್ ಚಪ್ಪಟೆಯಾದರೆ ಆಕ್ಸಲಿಗೆ ಹೋಲಿಸಿದರೆ ಅದರ ಕಣ್ಣು ಕೆಳಗೆ ಇಳಿಯುತ್ತದೆ. ಕೆಳಗೆ ಇಳಿಯಲು ಜಾಗವೇ ಇಲ್ಲ, ರಬ್ಬರ್ ಆಗಲೇ ತಾಗಿ ಕೂತಿದೆ. ಹಾಗಾಗಿ ನಾನು ಕ್ಲಚ್ ಬಿಡುವ ಮೊದಲೇ ಬಾರ್ ಲೀಫನ್ನು ಮೇಲಕ್ಕೆ ದೂಡುತ್ತಾ ಇತ್ತು. ಅದರ ಮೇಲೆ ಬ್ಯಾಟರಿ ಬೇರೆ. ಅಮೆರಿಕದಲ್ಲಿ ಡ್ರೈವರ್ ಕೂರುವುದು ಎಡಕ್ಕೆ, ಅವರಿಗೆ ಬಲಗಡೆ ತೂಕ ಸಾಲುವುದಿಲ್ಲ, ಬ್ಯಾಟರಿ ಬೇಕು. ನಮಗೆ ಆ ತೂಕ ಸೀಟಿನಲ್ಲೇ ಉಂಟು. ಅವರ ಲೆಕ್ಕವನ್ನು ಹಾಗೇ ಇಳಿಸಿದ್ದರಿಂದ ನಾನು ಒಂದೇ ಕೆಲಸವನ್ನು ಮೂರು ಸಲ ಮಾಡಿದ ಹಾಗಾಯ್ತು: ಒಮ್ಮೆ ಬ್ಯಾಟರಿಯಿಂದ, ಒಮ್ಮೆ ಬಾರಿನಿಂದ, ಒಮ್ಮೆ ನನ್ನ ಮೈತೂಕದಿಂದ.

ಏರ್‌ಸ್ಟ್ರಿಪ್‌ನಲ್ಲಿ ಬಿಟ್ಟಾಗ ಗಾಡಿ ಬಲಕ್ಕೆ ಹೋಗಲಿಲ್ಲ, ಎಡಕ್ಕೆ ಹಾರಿತು. ನಾನು ಬಲಕ್ಕೆ ಎಳೆಯುತ್ತದೆ ಅಂತ ಸ್ಟೇರಿಂಗನ್ನು ಸ್ವಲ್ಪ ಎಡಕ್ಕೆ ಹಿಡಿದೇ ಹೊರಟಿದ್ದೆ, ಅದೂ ಸೇರಿತು. ಡಾಂಬರಿನ ಅಂಚು ದಾಟಿ ಮುಂದಿನ ಎಡ ಚಕ್ರ ಚರಂಡಿಗೆ ಇಳಿಯಿತು. ಲೋವರ್ ಆರ್ಮ್ ಬೆಂಡ್, ರೇಡಿಯೇಟರ್ ಒಡೆದು ನೀರೆಲ್ಲ ನೆಲದಲ್ಲಿ. ಆ ವರ್ಷದ ದುಡ್ಡು ಅಲ್ಲಿಗೆ ಮುಗಿಯಿತು. ಬಾರ್ ಮಾಡಿಕೊಟ್ಟ ಹಿರಿಯರು ಗಾಡಿಯ ಅಡಿಗೆ ಹೋಗಿ ನೋಡಿ ಒಂದೇ ಮಾತು ಕೇಳಿದರು, "ನೀನು ಕೂತು ಓಡಿಸುವ ಗಾಡಿಯನ್ನು ನೀನಿಲ್ಲದೆ ಅಳೆದದ್ದು ಯಾಕೆ ಮಾರಾಯ?"

ಹಾಗಾಗಿ ನೀವು ಮೊದಲು ಅಳತೆ ತೆಗೆಯಿರಿ. ಲೀಫಿನ ಮುಂದಿನ ಬೋಲ್ಟ್‌ನಿಂದ ಮತ್ತು ಅದೇ ಪಕ್ಕದಲ್ಲಿ ಆಕ್ಸಲ್ ಕೊಳವೆಯ ದಪ್ಪದ ನಡುವಿನಿಂದ ದಾರಕ್ಕೆ ನಟ್ ಕಟ್ಟಿ ಇಳಿಬಿಟ್ಟು ನೆಲದಲ್ಲಿ ಚಾಕ್‌ನಿಂದ ಗುರುತು ಹಾಕಿ, ಎಡ ಬಲ ಎರಡೂ ಅಳೆಯಿರಿ. ವ್ಯತ್ಯಾಸ ಇದ್ದರೆ ಸೆಂಟರ್ ಬೋಲ್ಟ್ (ಲೀಫ್ ಪ್ಲೇಟುಗಳನ್ನು ನಡುವೆ ಹಿಡಿದಿಡುವುದು) ತುಂಡಾಗಿ ಆಕ್ಸಲ್ ಜರುಗಿದೆಯಾ ನೋಡಿ. ಎರಡು ಹಿಂದಿನ ಟೈರುಗಳ ಸುತ್ತಳತೆಯನ್ನೂ ಟೇಪ್ ಸುತ್ತಿ ನೋಡಿ, ವೆಲ್ಡ್ ಮಾಡಿದ ಡಿಫ್‌ನಲ್ಲಿ ದೊಡ್ಡ ಟೈರ್ ಗಾಡಿಯನ್ನು ಇನ್ನೊಂದು ಪಕ್ಕಕ್ಕೆ ದೂಡುತ್ತದೆ. ಗಾಳಿ ಸಮ ಇರಲಿ. ಪಣಂಬೂರು, ಮಲ್ಪೆ ಕಡೆಯ ಉಪ್ಪುಗಾಳಿಗೆ ನಿಂತ ಗಾಡಿಯಾದರೆ ಪ್ಲೇಟ್‌ಗಳ ನಡುವೆ ತುಕ್ಕು ತುಂಬಿ ಒಂದು ಪಕ್ಕ ಬಾಗುತ್ತದೆ, ಇನ್ನೊಂದು ಪಕ್ಕ ಹಿಡಿದುಕೊಂಡಿರುತ್ತದೆ. ಮಳೆಗಾಲ ಮುಗಿದ ಮೇಲೆ ಬಿಚ್ಚಿ ಉಜ್ಜಿ ಗ್ರೀಸ್ ಹಾಕದೆ ಪ್ರೀಲೋಡ್ ಮಾತೇ ಎತ್ತಬೇಡಿ.

ಆಮೇಲೆ ಹೆಲ್ಮೆಟ್ ಸಮೇತ ನೀವು ಸೀಟಿನಲ್ಲಿ ಕೂತುಕೊಳ್ಳಿ, ಪೆಟ್ರೋಲ್ ರೇಸ್‌ಗೆ ಇರುವಷ್ಟೇ ಇರಲಿ. ಗಾಡಿಯನ್ನು ಹಿಂದೆ ಮುಂದೆ ದೂಡಿಸಿ, ಕುಲುಕಿಸಿ, ಲೀಫ್ ಕೂರಲಿ. ಶ್ಯಾಕಲ್ (ಲೀಫಿನ ತುದಿಯನ್ನು ಗಾಡಿಗೆ ಸೇರಿಸುವ ಕೊಂಡಿ) ಬೋಲ್ಟ್ ಬಿಗಿ ಮಾಡುವುದೂ ಆಗಲೇ, ಚಕ್ರ ನೇತಾಡುವಾಗ ಅಲ್ಲ. ಗ್ಯಾಪನ್ನು ಸ್ನೇಹಿತರು ಅಳೆಯಲಿ. ಮೊದಲು ಎರಡೂ ಸಮ ಇಟ್ಟು ಬಿಟ್ಟು ನೋಡಿ. ಬಲಕ್ಕೆ ಹೋದರೆ ಬಲದ ಗ್ಯಾಪ್ ಎರಡು ಮೂರು ಮಿಲಿಮೀಟರ್ ಕಡಿಮೆ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಬ್ಯಾಟರಿಯ ಜಾಗ ಬದಲಿಸಬೇಡಿ. ಸ್ಟೇರಿಂಗ್ ನೇರ ಹಿಡಿಯಿರಿ, ಇಲ್ಲದಿದ್ದರೆ ಗಾಡಿ ಏನು ಹೇಳುತ್ತಿದೆ ಅಂತ ಗೊತ್ತಾಗುವುದಿಲ್ಲ.

ಇದನ್ನೆಲ್ಲ ಬೆಳಗಿನ ಜಾವ ಸುರತ್ಕಲ್ ಹೆದ್ದಾರಿಯಲ್ಲಿ ಮಾತ್ರ ಮಾಡಬೇಡಿ. ನನ್ನದು ಹಾರಿದಾಗ ಅಲ್ಲಿ ಚರಂಡಿ ಇತ್ತು, ಹೆದ್ದಾರಿಯಲ್ಲಾದರೆ ಹಾಲು ತರಲು ಹೊರಟ ಮನುಷ್ಯ ಇರುತ್ತಾನೆ.

ಫೋರ್ ಲಿಂಕ್ ಒಳ್ಳೆಯದೇ. ಆದರೆ ಅದರಲ್ಲಿ ತಪ್ಪು ಮಾಡಲಿಕ್ಕೆ ಇನ್ನೂ ಜಾಸ್ತಿ ಬೋಲ್ಟ್ ಉಂಟು, ಫ್ಲೋರ್ ಕತ್ತರಿಸಿ ವೆಲ್ಡ್ ಮಾಡಿಸಬೇಕು, ಮತ್ತೆ ವಾಪಸ್ ಬರಲಿಕ್ಕಾಗುವುದಿಲ್ಲ. ಆ ದುಡ್ಡು ಒಳ್ಳೆಯ ಟೈರಿಗೆ ಹಾಕಿ. ನೀವು ಕೂತಾಗ ಎರಡು ಪಕ್ಕದ ಗ್ಯಾಪ್ ಎಷ್ಟು ಬಂತು ಅಂತ ಬರೆಯಿರಿ, ನೋಡುವ.