ಲೇಆಫ್ ಭಯಕ್ಕೆ ಆಫೀಸಿನ ಪಕ್ಕದಲ್ಲೇ ಪಿಜಿ ಹಾಕಬೇಡಿ

ಬೆಂಗಳೂರಿನ ಕಾಡುಬೀಸನಹಳ್ಳಿ ಹತ್ತಿರ 40 ಹಾಸಿಗೆಯ ಪಿಜಿ ಲೀಸಿಗೆ ಸಿಗುತ್ತಿದೆ, ಕೈಯಲ್ಲಿ 20 ಲಕ್ಷ ಇದೆ, ಕಂಪನಿಯಲ್ಲಿ ಲೇಆಫ್ ಸುದ್ದಿ ಓಡಾಡುತ್ತಿದೆ, ಎಷ್ಟು ಹಾಸಿಗೆ ತುಂಬಿದ್ದರೆ ಸೇಫ್, ಕೆಲಸ ಹೋದರೆ ಪಿಜಿ ಕೈ ಹಿಡಿಯುತ್ತದಲ್ವಾ ಅಂತ ಕೇಳಿದ್ದೀರಿ. ಇಲ್ಲ, ಹಿಡಿಯುವುದಿಲ್ಲ. 2022ರಲ್ಲಿ ನಾನೂ ಇದನ್ನೇ ಮಾಡಿದೆ. ಪಣತ್ತೂರು ಕಡೆ ಹೋಗುವ ಅಡ್ಡರಸ್ತೆ, ಐದು ಮಹಡಿ, ಕೆಳಗೆ ಅಡುಗೆಮನೆ. ಹಾಸಿಗೆ ಲೆಕ್ಕವೂ ನಿಮ್ಮಷ್ಟೇ.

ಆಗ ಕೊರೊನಾ ಮುಗಿದು ಆಫೀಸುಗಳು ಮತ್ತೆ ತೆರೆದಿದ್ದವು. ಊರಲ್ಲಿ ಕೂತು ಕೆಲಸ ಮಾಡುತ್ತಿದ್ದವರೆಲ್ಲ ಬ್ಯಾಗ್ ಹಿಡಿದು ವಾಪಸ್ ಬರುತ್ತಿದ್ದರು. ಸಿಲ್ಕ್ ಬೋರ್ಡಿನಿಂದ ಕೆ.ಆರ್.ಪುರದವರೆಗೆ ರಿಂಗ್ ರೋಡಿನ 17 ಕಿಲೋಮೀಟರಿನಲ್ಲಿ ಒಳ್ಳೆಯ ಪಿಜಿ ಬೇಕೆಂದರೆ ಪರಿಚಯ ಬೇಕಿತ್ತು. ನಾನಿದ್ದ ಕಂಪನಿಯ ಗೇಟಿನಿಂದ ಆ ಕಟ್ಟಡಕ್ಕೆ ನಡೆದೇ ಹೋಗಬಹುದು. ಬೆಳಿಗ್ಗೆ ಆಫೀಸಿಗೆ ಹೋಗುವಾಗ ಒಮ್ಮೆ ಇಣುಕುವುದು, ಸಂಜೆ ಬರುವಾಗ ಒಮ್ಮೆ. ಇದಕ್ಕಿಂತ ಅನುಕೂಲ ಏನಿದೆ ಅಂದುಕೊಂಡೆ.

ಅಲ್ಲೇ ನಾನು ಎಡವಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಪಿಜಿಯನ್ನು ಮೊದಲು ನಡೆಸುತ್ತಿದ್ದವರು ನನಗೆ ರಿಜಿಸ್ಟರ್ ತೋರಿಸಿದರು. ನಾನು ಬಹಳ ಜಾಣನಂತೆ ಪುಟ ತಿರುವಿದೆ. 40 ಹಾಸಿಗೆಗೆ 40 ಹೆಸರು. ಮೇಲೆ ಹತ್ತಿ ರೂಮು ರೂಮು ನೋಡಿದೆ, ಮಂಚದ ಕೆಳಗಿನ ಚಪ್ಪಲಿ ಕೂಡ ನೋಡಿದೆ. ಸುಳ್ಳು ಲೆಕ್ಕ ಅಲ್ಲ, ನಿಜವಾಗಿಯೂ ತುಂಬಿತ್ತು. ಆ ರಿಜಿಸ್ಟರಿನಲ್ಲಿ ಹೆಸರು, ಊರು, ಫೋನ್ ನಂಬರ್ ಆದಮೇಲೆ ಇನ್ನೊಂದು ಕಾಲಂ ಇತ್ತು: ಕೆಲಸ ಮಾಡುವ ಕಂಪನಿ. ಐಡಿ ಕಾರ್ಡಿನ ಜೆರಾಕ್ಸ್ ಕೂಡ ಅಂಟಿಸಿದ್ದರು. ಅದನ್ನು ನಾನು ಓದಲಿಲ್ಲ. ಓದಿದ್ದರೆ ಗೊತ್ತಾಗುತ್ತಿತ್ತು, 40ರಲ್ಲಿ 26 ಜನ ಎರಡೇ ಕಂಪನಿಯವರು. ಎರಡೂ ಒಂದೇ ಟೆಕ್ ಪಾರ್ಕಿನವು. ಅದರಲ್ಲಿ ಒಂದು ನನ್ನದೇ. ನನಗೆ ಸಂಬಳ ಕೊಡುತ್ತಿದ್ದ ಕಂಪನಿಯೇ ಆ ಹುಡುಗರ ಮೂಲಕ ನನ್ನ ಪಿಜಿ ಬಾಡಿಗೆಯನ್ನೂ ಕೊಡುತ್ತಿತ್ತು. ಹಗ್ಗ ಎರಡಿದ್ದವು, ಬಾವಿ ಒಂದೇ.

ನಡೆಸುತ್ತಿದ್ದವರು ಯಾಕೆ ಬಿಟ್ಟು ಹೋಗುತ್ತಿದ್ದಾರೆ ಅಂತಲೂ ಕೇಳಲಿಲ್ಲ. ಊರಲ್ಲಿ ತೋಟ ನೋಡ್ಕೋಬೇಕು ಅಂದರು, ನಂಬಿದೆ. ಮಂಚ, ಹಾಸಿಗೆ, ಫ್ರಿಜ್ಜು, ವಾಷಿಂಗ್ ಮಷಿನ್ ಎಲ್ಲ ಸೇರಿಸಿ ಗುಡ್‌ವಿಲ್ ಅಂತ 6 ಲಕ್ಷ ಕೊಟ್ಟೆ. ಕಟ್ಟಡದ ಓನರಿಗೆ ಹತ್ತು ತಿಂಗಳ ಅಡ್ವಾನ್ಸ್, 16 ಲಕ್ಷ. ಮೂರು ವರ್ಷದ ಲಾಕ್-ಇನ್. ನಡುವೆ ಬಿಟ್ಟರೆ ಉಳಿದ ತಿಂಗಳ ಬಾಡಿಗೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳಬಹುದು ಅಂತ ಸ್ಪಷ್ಟವಾಗಿ ಬರೆದಿತ್ತು. ಓದಿಯೇ ಸಹಿ ಹಾಕಿದೆ. ನಾನ್ಯಾಕೆ ಬಿಡ್ತೀನಿ ಅನ್ನೋ ಧೈರ್ಯ.

ಈಗ ಲೆಕ್ಕ ನೋಡಿ. ಕಟ್ಟಡದ ಬಾಡಿಗೆ ತಿಂಗಳಿಗೆ 1.6 ಲಕ್ಷ. ಅಡುಗೆಯವರು, ಕ್ಲೀನಿಂಗ್, ವಾರ್ಡನ್ ಸೇರಿ 50 ಸಾವಿರ. ಕರೆಂಟು, ಟ್ಯಾಂಕರ್ ನೀರು, ವೈಫೈಗೆ 25 ಸಾವಿರ. ಊಟಕ್ಕೆ ತಲೆಗೆ ಎರಡೂವರೆ ಸಾವಿರ. ಒಂದು ಹಾಸಿಗೆಗೆ ಸರಾಸರಿ 9,500 ಬರುತ್ತಿತ್ತು. ಪೂರ್ತಿ ತುಂಬಿದರೆ ಉಳಿಯುವುದು 45 ಸಾವಿರ. ಒಂದು ಹಾಸಿಗೆ ಖಾಲಿಯಾದರೆ 7 ಸಾವಿರ ಖೋತಾ, ಯಾಕೆಂದರೆ ಊಟದ ಖರ್ಚು ಮಾತ್ರ ಕಡಿಮೆಯಾಗುತ್ತದೆ, ಬಾಕಿಯೆಲ್ಲ ಹಾಗೇ. ಆರು ಹಾಸಿಗೆ ಖಾಲಿಯಾದರೆ ಲಾಭ ಹೆಚ್ಚುಕಡಿಮೆ ಸೊನ್ನೆ. ಏಳನೆಯದರಿಂದ ಕೈಯಿಂದ ಹಾಕಬೇಕು. ನಿಮಗೆ ತೋರಿಸಿರುವ ಲೆಕ್ಕದಲ್ಲಿ ಎಷ್ಟು ಹಾಸಿಗೆ ಖಾಲಿ ಅಂತ ಹಿಡಿದಿದ್ದಾರೆ? ನನ್ನದರಲ್ಲಿ ಎರಡು ಅಂತ ಹಿಡಿದಿದ್ದೆ.

ಇನ್ನೊಂದು ವಿಷಯ, ಇದು ತುಂಬಾ ಜನರಿಗೆ ಹೊಳೆಯುವುದಿಲ್ಲ. ಪಿಜಿ ಖಾಲಿಯಾಗುವುದಕ್ಕೆ ಲೇಆಫೇ ಆಗಬೇಕಿಲ್ಲ. 2025ರ ಜುಲೈನಲ್ಲಿ ಟಿಸಿಎಸ್ ಶೇಕಡಾ 2ರಷ್ಟು, ಅಂದರೆ ಸುಮಾರು 12 ಸಾವಿರ ಜನರನ್ನು ಕಡಿಮೆ ಮಾಡುತ್ತೇವೆ ಅಂದಾಗ ಎಲ್ಲ ಪೇಪರಲ್ಲೂ ಬಂತು. ಆದರೆ 2024ರ ಮಾರ್ಚಿಗೆ ಮುಗಿದ ವರ್ಷದಲ್ಲೇ ಟಿಸಿಎಸ್, ಇನ್ಫೋಸಿಸ್, ವಿಪ್ರೋ ಮೂರೂ ಸೇರಿ ಸುಮಾರು 64 ಸಾವಿರ ಜನ ಕಡಿಮೆಯಾಗಿದ್ದರು. ಹೋದವರ ಜಾಗಕ್ಕೆ ಸಾಕಷ್ಟು ಜನರನ್ನು ತೆಗೆದುಕೊಳ್ಳಲಿಲ್ಲ, ಅಷ್ಟೇ. ನಮ್ಮ ಪಿಜಿ ನಿಂತಿದ್ದೇ ಕಾಲೇಜು ಮುಗಿಸಿ ಹೊಸದಾಗಿ ಸೇರುವ ಹುಡುಗರ ಮೇಲೆ. ಮದುವೆಯಾದವರು, ಸಂಬಳ ಜಾಸ್ತಿ ಆದವರು ಹೇಗೂ ಫ್ಲ್ಯಾಟಿಗೆ ಹೋಗುತ್ತಾರೆ. ಆ ಜಾಗಕ್ಕೆ ಹೊಸಬರು ಬರಬೇಕು. 2023ರಲ್ಲಿ ಹೊಸಬರು ಬರಲೇ ಇಲ್ಲ. ಆಫರ್ ಲೆಟರ್ ಇಟ್ಟುಕೊಂಡು ಊರಲ್ಲೇ ಕಾಯುತ್ತಿದ್ದರು.

ಆ ವರ್ಷದ ಕೊನೆಗೆ ನಮ್ಮ ಕಂಪನಿಯಲ್ಲಿ ಕೆಲಸದಿಂದ ತೆಗೆಯುವವರ ಪಟ್ಟಿ ಬಂತು. ನನ್ನ ಹೆಸರಿತ್ತು. ನನ್ನ ಪಿಜಿಯ ಒಂಬತ್ತು ಜನರ ಹೆಸರೂ ಇತ್ತು. ಸಂಜೆ ಅಲ್ಲಿಗೆ ಹೋದರೆ ಎಲ್ಲರೂ ಊಟದ ಹಾಲಿನಲ್ಲೇ ಕೂತಿದ್ದರು. ನಾನು ಸಮಾಧಾನ ಹೇಳಲಾ, ಅಥವಾ ಮುಂದಿನ ತಿಂಗಳು ಇರ್ತೀರಾ ಅಂತ ಕೇಳಲಾ? ಕಲಬುರಗಿಯ ಒಬ್ಬ ಹುಡುಗ ಪಕ್ಕಕ್ಕೆ ಕರೆದು, "ಅಣ್ಣಾ, ಮನ್ಯಾಗ ಇನ್ನೂ ಹೇಳಿಲ್ರಿ, ಒಂದ್ ತಿಂಗಳು ನಡಸ್ರಿ" ಅಂದ. ಆಯ್ತು ಅಂದೆ. ಎರಡನೇ ತಿಂಗಳು ನಾನೇ ದುಡ್ಡು ಕೇಳಿದೆ. ಮೊದಲಿನಂತೆ ಸಂಬಳ ಬರುತ್ತಿದ್ದರೆ ಕೇಳುತ್ತಿರಲಿಲ್ಲ. ಅವನು ಸೂಟ್‌ಕೇಸ್ ಕಟ್ಟಿಕೊಂಡು ಹೋದ.

ಬೇಸಿಗೆಗೆ 18 ಜನ ಉಳಿದಿದ್ದರು. ತಿಂಗಳಿಗೆ ಲಕ್ಷದ ಮೇಲೆ ಕೈಯಿಂದ ಹೋಗುತ್ತಿತ್ತು. ಅದು 2024ರ ಬೇಸಿಗೆ, ಬೋರ್‌ವೆಲ್ ಬತ್ತಿದ ವರ್ಷ. ಆಗ ಕಾವೇರಿ ಐದನೇ ಹಂತದ ನೀರು ಇನ್ನೂ ಬಂದಿರಲಿಲ್ಲ. ಐದು ಕಿಲೋಮೀಟರ್ ಒಳಗೆ 12 ಸಾವಿರ ಲೀಟರ್ ಟ್ಯಾಂಕರಿಗೆ ಸಾವಿರ ರೂಪಾಯಿ ಅಂತ ಜಿಲ್ಲಾಡಳಿತ ದರ ಕಟ್ಟಿತು. ಆ ದರಕ್ಕೆ ನಮ್ಮ ರಸ್ತೆಗೆ ಯಾರೂ ಬರಲಿಲ್ಲ ಅನ್ನೋದು ಬೇರೆ ಮಾತು.

ರಸ್ತೆಯೂ ಸೊರಗಿತು. ಮೂಲೆಯ ಮೆಸ್ಸಿನವರು ರಾತ್ರಿ ಊಟ ನಿಲ್ಲಿಸಿದರು. ಇಸ್ತ್ರಿಯವರು ಇನ್ನೊಂದು ರಸ್ತೆಗೆ ಗಾಡಿ ತಳ್ಳಿಕೊಂಡು ಹೋದರು. ನಮ್ಮಲ್ಲಿ ಕ್ಲೀನಿಂಗ್ ಮಾಡುತ್ತಿದ್ದ ಯಾದಗಿರಿ ಕಡೆಯ ಅಕ್ಕನನ್ನು ನಾನೇ ಬಿಡಿಸಿದೆ. ಟೆಕ್ ಪಾರ್ಕಿನೊಳಗೆ ಕ್ಯಾಂಟೀನು, ಕ್ಯಾಬು, ಹೌಸ್‌ಕೀಪಿಂಗಿನವರೆಲ್ಲ ಗುತ್ತಿಗೆಯವರು, ಅವರು ಕಂಪನಿಯ ಪಟ್ಟಿಯಲ್ಲಿ ಬರುವುದೇ ಇಲ್ಲ. ನನಗೆ ಮೂರು ತಿಂಗಳ ಸಂಬಳ ಕೊಟ್ಟು ಕಳಿಸಿದರು. ಆ ಅಕ್ಕನಿಗೆ ನಾನು ಕೊಟ್ಟಿದ್ದು ಆ ತಿಂಗಳ ಸಂಬಳ, ಮತ್ತೆ ಒಂದು ಚೀಲ ಅಕ್ಕಿ.

ಕೊನೆಗೆ ಓನರ್ ಹತ್ತಿರ ಕೂತು ಮಾತಾಡಿದೆ. ಕೆಟ್ಟವರಲ್ಲ, ಅವರಿಗೂ ಆ ಕಟ್ಟಡದ ಮೇಲೆ ಬ್ಯಾಂಕ್ ಸಾಲ. 16ರಲ್ಲಿ 11 ಲಕ್ಷ ಹಿಡಿದುಕೊಂಡು 5 ವಾಪಸ್ ಕೊಟ್ಟರು. ಮಂಚಗಳನ್ನು ಗುಜರಿ ರೇಟಿಗೆ ಮಾರಿದೆ.

ಹಾಗಾಗಿ ಎಷ್ಟು ಹಾಸಿಗೆ ತುಂಬಿದ್ದರೆ ಸೇಫ್ ಅನ್ನೋ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ನಿಮ್ಮ ಕೆಲಸ ಇರುವ ತನಕ ತುಂಬಿರುತ್ತದೆ, ಹೋದ ದಿನದಿಂದ ಖಾಲಿಯಾಗುತ್ತದೆ. ಕಷ್ಟಕ್ಕೆ ಅಂತ ಮಾಡಿದ್ದು ಕಷ್ಟದ ದಿನವೇ ದುಡ್ಡು ಕೇಳುತ್ತದೆ. ಪಿಜಿ ಬಿಸಿನೆಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದನ್ನೇ ವೃತ್ತಿ ಮಾಡಿಕೊಂಡು ನಾಲ್ಕು ಏರಿಯಾದಲ್ಲಿ ನಡೆಸುವವರು ಮಾಡಲಿ. ಮಾಡಲೇಬೇಕು ಅಂದರೆ ಮೆಡಿಕಲ್ ಕಾಲೇಜೋ ದೊಡ್ಡ ಆಸ್ಪತ್ರೆಯೋ ಇರುವ ಕಡೆ ನೋಡಿ. ಆದರೆ ನನ್ನ ಮಾತು ಕೇಳುವುದಾದರೆ ಈಗ ಏನೂ ಶುರು ಮಾಡಬೇಡಿ. ಆ 20 ಲಕ್ಷ ಎಫ್‌ಡಿಯಲ್ಲಿರಲಿ. ಬಡ್ಡಿ ಕಡಿಮೆ ಅಂತ ನಗುವವರು ನಗಲಿ.

ದುಡ್ಡು ಖರ್ಚು ಮಾಡಲೇಬೇಕಾದರೆ ಅಪ್ಪ ಅಮ್ಮನ ಆರೋಗ್ಯ ವಿಮೆಗೆ ಮಾಡಿ. ಕಂಪನಿ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಹೊಸ ಪಾಲಿಸಿಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು, ಅದಕ್ಕೇ ಇವತ್ತೇ ಶುರು ಮಾಡುವುದು ಒಳ್ಳೆಯದು. ಎಚ್‌ಆರ್ ಕರೆದು ರಾಜೀನಾಮೆ ಬರೆದುಕೊಡಿ ಅಂದರೆ ಆ ರೂಮಿನಲ್ಲೇ ಬರೆಯಬೇಡಿ, ಒಂದು ದಿನ ಕೇಳಿ. ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿ ಬೇರೆ ಬರಬೇಕು, ಅದನ್ನು ಪರಿಹಾರದ ಮೊತ್ತದೊಳಗೆ ಸೇರಿಸಿ ದೊಡ್ಡದಾಗಿ ತೋರಿಸಿದ್ದಾರಾ ನೋಡಿ. ಕೆಐಟಿಯು ಅಂತ ಐಟಿ ನೌಕರರ ಸಂಘ 2017ರಿಂದ ಇದೆ. ನಾನು ಮುಜುಗರಪಟ್ಟು ಹೋಗಲಿಲ್ಲ, ನೀವು ಹೋಗಿ.

ಅಗ್ರಿಮೆಂಟ್ ಇನ್ನೂ ಆಗಿಲ್ಲ, 50 ಸಾವಿರ ಟೋಕನ್ ಮಾತ್ರ ಕೊಟ್ಟಿದ್ದೀನಿ ಅಂತ ಬರೆದಿದ್ದೀರಿ. ವಾಪಸ್ ಕೇಳಿ. ಕೊಡದಿದ್ದರೆ ಹೋಗಲಿ, ಬಿಟ್ಟುಬಿಡಿ.